ಗಾಳಿಯ ಲೆಕ್ಕ ತಿಳಿಯದೆ ಕಾರಿಗೆ ಬಣ್ಣವೇ?

ವಿಜಯನಗರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಮನೆಗೆ ಬಂದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ತಂದೆಯ ಹಳೆಯ ಮಾರುತಿ 800 ಕಾರಿನ ಬಣ್ಣ ಮಾಸಿ, ಬಾಗಿಲ ಅಂಚಿಗೆ ತುಕ್ಕು ಹತ್ತಿತ್ತು.

"ಸಾರ್, ಮನೆಯಲ್ಲೇ ಪೇಂಟ್ ಹೊಡೀತೀನಿ. 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ನೋಡಿದೀನಿ, 8 ಬಾರ್ ಪ್ರೆಶರ್ ಬರುತ್ತಂತೆ. ಸಾಕಲ್ವಾ?"

"ನಿನ್ನ ಗನ್ನಿಗೆ ನಿಮಿಷಕ್ಕೆ ಎಷ್ಟು ಗಾಳಿ ಬೇಕಪ್ಪಾ?" ಎಂದೆ. ಬಾಯ್ಲನ ನಿಯಮಕ್ಕೆ ಪೂರ್ಣ ಅಂಕ ತೆಗೆದಿದ್ದ ಹುಡುಗ ಸುಮ್ಮನೆ ನಿಂತ!

ಅನೇಕರು ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಟ್ಯಾಂಕಿನ ಗಾತ್ರ ಮತ್ತು ಒತ್ತಡ. ಬಣ್ಣದ ಕೆಲಸ ನಿಂತಿರುವುದು ಮಾತ್ರ ಗಾಳಿಯ ಹರಿವಿನ ಮೇಲೆ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಈ ಅಳತೆಗೆ ಸಿ.ಎಫ್.ಎಂ. ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. 50 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 4 ಬಾರ್‌ಗೆ ಇಳಿದಾಗ ಹೊರಬರುವ ಗಾಳಿ ಸುಮಾರು 200 ಲೀಟರ್, ಅಂದರೆ 7 ಘನ ಅಡಿ. 12 ಸಿ.ಎಫ್.ಎಂ. ಬೇಡುವ ಗನ್ನಿಗೆ ಇದು ಅರ್ಧ ನಿಮಿಷದ ಊಟ! 2 ಅಶ್ವಶಕ್ತಿಯ ಮೋಟಾರು ಓಡುತ್ತಿದ್ದರೂ ಅದು ತುಂಬುವುದು ಸುಮಾರು 6 ಸಿ.ಎಫ್.ಎಂ. ಮಾತ್ರ. ನಿಮಿಷ ಕಳೆಯುವುದರೊಳಗೆ ಒತ್ತಡ ಕುಸಿಯುತ್ತದೆ, ಹನಿಗಳು ದಪ್ಪವಾಗುತ್ತವೆ, ಬಾಗಿಲು ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಇಲ್ಲಿನ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳು. ಕಂಪ್ರೆಸರಿಗೆ ಅದೂ ಒಂದು ಕೊರತೆಯೇ.

ಆದ್ದರಿಂದ ಮೊದಲು ಗನ್ ಆರಿಸಿ, ಆಮೇಲೆ ಕಂಪ್ರೆಸರ್. ಹೆಚ್ಚು ಗಾಳಿ, ಕಡಿಮೆ ಒತ್ತಡದ ಎಚ್.ವಿ.ಎಲ್.ಪಿ. ಗನ್ನಿನಲ್ಲಿ ಬಣ್ಣ ಗಾಳಿಪಾಲಾಗುವುದು ಕಡಿಮೆ. ಆದರೆ ಅದು 10ಕ್ಕೂ ಹೆಚ್ಚು ಸಿ.ಎಫ್.ಎಂ. ಬೇಡಬಹುದು. ಎಲ್.ವಿ.ಎಲ್.ಪಿ. ಎಂಬ ಬಗೆಯ ಗನ್ 4-5 ಸಿ.ಎಫ್.ಎಂ.ನಲ್ಲಿ ಸುಧಾರಿಸುತ್ತದೆ, ಮನೆಯ ಸಣ್ಣ ಕಂಪ್ರೆಸರಿಗೆ ಅದೇ ತಕ್ಕ ಜೋಡಿ. ಮೇಲಿನ ಕೋಟಿಗೆ 1.3 ಅಥವಾ 1.4 ಮಿ.ಮೀ. ನಾಝಲ್, ಮಂದವಾದ ಪ್ರೈಮರಿಗೆ 1.7 ಮಿ.ಮೀ. ಅಥವಾ ಇನ್ನೂ ದೊಡ್ಡದು ಬೇಕು. ಕಂಪ್ರೆಸರ್ ಕೊಳ್ಳುವಾಗ ಪಂಪಿನ ಗಾತ್ರದ ಲೆಕ್ಕವನ್ನಲ್ಲ, ನಿಜವಾಗಿ ಹೊರಬರುವ ಗಾಳಿಯ ಲೆಕ್ಕವನ್ನು ಕೇಳಿ. ಎರಡಕ್ಕೂ ಬಹಳ ವ್ಯತ್ಯಾಸವಿರುತ್ತದೆ.

ನೀರಿನ ಕಾಟ ಇನ್ನೊಂದು. ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ; ಟ್ಯಾಂಕಿನಲ್ಲಿ ತಣಿದಾಗ ಅದರ ತೇವ ನೀರಾಗುತ್ತದೆ. ಆ ಹನಿ ಬಣ್ಣದೊಳಗೆ ಸೇರಿದರೆ ಗುಳ್ಳೆ ಖಚಿತ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಕೆಲಸ ಮುಗಿದೊಡನೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಇಲ್ಲದಿದ್ದರೆ ಟ್ಯಾಂಕೇ ಒಳಗಿನಿಂದ ತುಕ್ಕು ಹಿಡಿದು ಅಪಾಯಕಾರಿಯಾಗುತ್ತದೆ.

ಇಷ್ಟು ಹೇಳಿ ಅವನ ಮನೆಗೆ ಹೋದೆ. 30-40 ಅಡಿಯ ನಿವೇಶನ. ಕಾರು ನಿಂತಿದ್ದ ಪೋರ್ಟಿಕೋಗೆ ಅಜ್ಜಿಯ ಕೋಣೆಯ ಕಿಟಕಿ ತೆರೆದಿತ್ತು. ಅಜ್ಜಿಗೆ ಉಬ್ಬಸ. "ಹುಡುಗ ಮಾಸ್ಕ್ ತಂದಿದಾನೆ ಮೇಷ್ಟ್ರೇ, ತೊಂದ್ರೆ ಇಲ್ವಲ್ಲ?" ಎಂದರು ತಂದೆ. ನೋಡಿದರೆ ಧೂಳಿಗೆ ಕಟ್ಟುವ ಬಟ್ಟೆಯ ಮಾಸ್ಕ್!

ಇಂದು ಕಾರುಗಳಿಗೆ ಬಳಸುವ 2ಕೆ ಬಣ್ಣಕ್ಕೆ ಬೆರೆಸುವ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಆರೋಗ್ಯವಂತನಿಗೂ ಉಬ್ಬಸ ಬರಬಹುದು. ಒಮ್ಮೆ ಮೈಗೆ ಒಗ್ಗದಾದರೆ ಮುಂದೆ ಸ್ವಲ್ಪ ಸೋಕಿದರೂ ತಡೆಯದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೂ ಹೊಗೆ ಎಳೆದು ಹಾಕುವ ಕೋಣೆಯೂ ಬೇಕು. ಜೊತೆಗೆ ಥಿನ್ನರಿನ ಆವಿ. ಕಂಪ್ರೆಸರ್ ಸ್ವಿಚ್ಚಿನ ಒಂದು ಕಿಡಿ ಸಾಕು, ಬೆಂಕಿ ಹತ್ತಲು.

ಅಮೆರಿಕದ ಟೊಲಿಡೊ ಊರಿನ ಡಾ. ಅಲೆನ್ ಡಿವಿಲ್ಬಿಸ್ ಗಂಟಲ ರೋಗಿಗಳಿಗೆ ಔಷಧ ಸಿಂಪಡಿಸಲು 19ನೇ ಶತಮಾನದ ಕೊನೆಯಲ್ಲಿ ಒಂದು ತುಂತುರು ಸಲಕರಣೆ ರೂಪಿಸಿದರು. ಅವರ ಮಗ ಥಾಮಸ್ ಆ ತತ್ತ್ವವನ್ನು ಬಣ್ಣದ ಗನ್ನಿಗೆ ಅಳವಡಿಸಿದರು. ಗಂಟಲು ವಾಸಿ ಮಾಡಲು ಹುಟ್ಟಿದ ವಿದ್ಯೆ ಅಜ್ಜಿಯ ಉಸಿರು ಕಟ್ಟಿಸಬಾರದಲ್ಲವೇ?

ಕೊನೆಗೆ ಒಂದು ಒಪ್ಪಂದವಾಯಿತು. ತುಕ್ಕು ಕೆರೆಯುವುದು, ಪುಟ್ಟಿ ಹಚ್ಚುವುದು, ವಾಟರ್ ಪೇಪರಿನಲ್ಲಿ ಉಜ್ಜುವುದು ಹುಡುಗನ ಪಾಲು. ಹಾರ್ಡನರ್ ಬೇಡದ ಪ್ರೈಮರನ್ನು ಅವನೇ ಸರಿಯಾದ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡು, ಕೆಂಗೇರಿಯ ಬಂಧುಗಳ ತೆರೆದ ಅಂಗಳದಲ್ಲಿ ಹೊಡೆದ. ಮೊದಲು ಹಳೆಯ ತಗಡಿನ ಮೇಲೆ ಕೈ ಪಳಗಿಸಿಕೊಂಡ: ಗನ್ 6ರಿಂದ 8 ಅಂಗುಲ ದೂರ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧದ ಮೇಲೆ. 2ಕೆ ಬಣ್ಣದ ಕೊನೆಯ ಕೋಟು ಮಾತ್ರ ಪೇಂಟ್ ಬೂತ್ ಇರುವ ಗ್ಯಾರೇಜಿನಲ್ಲಿ ಆಯಿತು.

ಪೋಷಕರೇ, ಮಕ್ಕಳ ಇಂಥ ಹವ್ಯಾಸಕ್ಕೆ ಅಡ್ಡ ಬರಬೇಡಿ. ಆದರೆ ಕಂಪ್ರೆಸರಿಗೆ ಹಣ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ: ಗನ್ನಿಗೆ ಎಷ್ಟು ಗಾಳಿ ಬೇಕು? ಅದನ್ನು ಹಿಡಿದವನು ಯಾವ ಗಾಳಿ ಉಸಿರಾಡುತ್ತಾನೆ?