ಉಪ್ಪುನೀರಿನ ಅಕ್ವೇರಿಯಂಗೆ ಪಾಚಿ ಕಾಟ: ಔಷಧಿಗಿಂತ ಪಥ್ಯ ಮೇಲು

ಕಾಸರಗೋಡು: ಕಡಲು ಕೂಗಳತೆಯಲ್ಲೇ ಇದ್ದರೂ ಮನೆಯೊಳಗೆ ಕಡಲು ಸಾಕುವುದು ಸುಲಭವಲ್ಲ. ಸಾವಿರಾರು ರೂಪಾಯಿ ಸುರಿದು ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಗೋಳು ಹೆಚ್ಚಾಗಿ ಒಂದೇ: 'ಎಷ್ಟು ಉಜ್ಜಿದ್ರೂ ಪಾಚಿ ಮತ್ತೆ ಬರ್ತದೆ ಮಾರಾಯ್ರೆ!' ಬೇಸತ್ತು ಪಾಚಿನಾಶಕ ತಂದು ಸುರಿದವರ ತೊಟ್ಟಿಯಲ್ಲಿ ಪಾಚಿಯ ಜತೆಗೆ ಮೀನೂ ಸತ್ತು ತೇಲುವುದುಂಟು.

ಮೀನಿನ ಹಿಕ್ಕೆ, ತಿಂದು ಉಳಿದ ಆಹಾರ ಕೊಳೆತಾಗ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತವೆ. ತೆಂಗಿಗೆ ಗೊಬ್ಬರ ಹೇಗೋ ಪಾಚಿಗೆ ಇವು ಹಾಗೆ. ಆದ್ದರಿಂದ ಪಾಚಿಯನ್ನು ಉಜ್ಜಿ ತೆಗೆಯುವುದರ ಜತೆಗೆ ಅದಕ್ಕೆ ಸಿಗುವ ಗೊಬ್ಬರವನ್ನೂ ನಿಲ್ಲಿಸಬೇಕು.

ಬಣ್ಣ ಹೇಳುವ ಕತೆ

ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಕಾಣುವ ಕಂದು ಪುಡಿ ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ಮುಗಿದಂತೆ ತಾನಾಗಿ ಇಳಿಯುತ್ತದೆ, ಗಾಬರಿ ಬೇಡ. ಕಲ್ಲಿನ ಮೇಲೆ ಹಸಿರು ಕೂದಲಿನಂತೆ ಬೆಳೆದರೆ ಗೊಬ್ಬರ ಜಾಸ್ತಿಯಾಗಿದೆ ಎಂದರ್ಥ. ಮರಳಿನ ಮೇಲೆ ಕೆಂಪು-ನೇರಳೆ ಲೋಳೆ ಹರಡಿದರೆ ಅದು ನಿಜವಾದ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ನೀರಿನ ಓಟ ಕಡಿಮೆಯಿದ್ದು ಕೊಳೆ ನಿಂತ ಮೂಲೆಯಲ್ಲಿ ಇದು ಹೆಚ್ಚು. ಅಲ್ಲಿನ ಕೊಳೆಯನ್ನು ಪೈಪ್‌ನಿಂದ ಎಳೆದು ತೆಗೆದು, ಪಂಪಿನ ಮುಖ ಆ ಕಡೆಗೆ ತಿರುಗಿಸಬೇಕು.

ನೀರು ಎಲ್ಲಿಂದ?

ತೋಟದ ಬದಿಯ ಬಾವಿ ನೀರಿಗೆ ಗೊಬ್ಬರದ ಅಂಶ ಇಳಿದಿರಬಹುದು. ಆರ್‌ಒ ಯಂತ್ರದಲ್ಲಿ ಶುದ್ಧ ಮಾಡಿದ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುವುದು ಕ್ಷೇಮ. ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರಬೇಕು. 'ಕಡಲ ನೀರು ಇಲ್ಲೇ ಉಂಟಲ್ಲ' ಎಂದು ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯ ಅಳಿವೆ ಬಳಿಯಿಂದ ಕೊಡ ತುಂಬಿ ತರುವುದು ತಪ್ಪು. ಆಗ ಕರಾವಳಿಯ ನೀರಿನಲ್ಲಿ ಹೊಳೆಯ ಕೆಸರು ಬೆರೆತು, ಉಪ್ಪೂ ತೆಳ್ಳಗಾಗಿರುತ್ತದೆ. ಆವಿಯಾಗಿ ನೀರು ತಗ್ಗಿದರೆ ಸಿಹಿನೀರನ್ನೇ ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲ.

ನಾಲ್ಕು ಕ್ರಮ

* ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮಂಜುಗಟ್ಟಿದ ಆಹಾರವಾದರೆ ಕರಗಿದ ನೀರು ಚೆಲ್ಲಿ ಹಾಕಿ.
* ದೀಪ ದಿನಕ್ಕೆ 7-8 ಗಂಟೆ ಸಾಕು. ಕಿಟಕಿ ಬಿಸಿಲು ತೊಟ್ಟಿಗೆ ಬೀಳಬಾರದು.
* ಕೈಯಿಂದ ಪಾಚಿ ಕಿತ್ತು ಹೊರಗೆ ತೆಗೆಯಿರಿ. ವಾರಕ್ಕೊಮ್ಮೆ ಶೇ. 10ರಿಂದ 15ರಷ್ಟು ನೀರು ಬದಲಿಸಿ.
* ಟರ್ಬೊ ಬಸವನಹುಳು ಪಾಚಿ ಮೇಯುತ್ತದೆ. ಆದರೆ ಅದರ ಹಿಕ್ಕೆಯೂ ನೀರಿಗೇ ಸೇರುವುದರಿಂದ ಉಳಿದ ಕ್ರಮ ಬಿಡುವಂತಿಲ್ಲ.

ಪಾಚಿನಾಶಕಗಳಲ್ಲಿ ತಾಮ್ರ ಇದ್ದರೆ ಬಸವನಹುಳು, ಸಿಗಡಿ, ಹವಳ ಸಾಯುತ್ತವೆ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಇಳಿದು ಮೀನಿಗೆ ಉಸಿರು ಕಟ್ಟುತ್ತದೆ. ಆ ಹೊತ್ತಿಗೆ ಕರೆಂಟು ಹೋಗಿ ಪಂಪ್ ನಿಂತರೆ ಮುಗಿಯಿತು. ಹಾಗೆಂದು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದರೆ ಹವಳ ಸೊರಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಳೆಯುತ್ತಾ ನಿಧಾನವಾಗಿ ಇಳಿಸುವುದೇ ದಾರಿ. ಫಲ ಕಾಣಲು ವಾರಗಳೇ ಬೇಕು. ತಿಂಗಳೆರಡು ತಿಂಗಳು ಹಿಡಿದರೂ ಅಚ್ಚರಿಯಿಲ್ಲ.

ಹೊಳೆಗೆ ಎಸೆಯಬೇಡಿ

ಕಿತ್ತ ಪಾಚಿಯನ್ನು ತೋಡಿಗೋ ಕಡಲಿಗೋ ಎಸೆಯುವುದು ಸಲ್ಲದು. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಯುರೋಪಿನ ಮೊನಾಕೊದಲ್ಲಿ, ಅಲ್ಲಿನ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಾಣಿಸಿಕೊಂಡಿತು. ಆಗ ಅದು ಒಂದು ಚದರ ಮೀಟರಿನಷ್ಟು ಮಾತ್ರ. ಮುಂದೆ ಮೆಡಿಟರೇನಿಯನ್ ಸಮುದ್ರದ ಹಲವು ದೇಶಗಳ ಕರಾವಳಿಗೆ ಹಬ್ಬಿ, ಅಲ್ಲಿನ ಕಡಲಹುಲ್ಲನ್ನು ಮುಚ್ಚಿಹಾಕಿತು. ಕಿತ್ತದ್ದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮಣ್ಣಿನಲ್ಲಿ ಹೂಳುವುದು ಒಳ್ಳೆಯದು. ತೊಟ್ಟಿಯ ಕೊಳೆನೀರೂ ಅಷ್ಟೆ, ತೋಡಿಗೆ ಬೇಡ, ಬಾವಿಯ ಹತ್ತಿರವೂ ಬೇಡ.