ಹಳೆಯ ಭವ್ಯ ಕಾರುಗಳ ಬೇರಿಂಗು: ಎಂಜಿನ್ನಿನ ಸದ್ದನ್ನು ಅರಿಯುವ ಬಗೆ

ಯಂತ್ರದಲ್ಲಿ ಲೋಹವು ಲೋಹದ ಮೇಲೆ ತಿರುಗುವಲ್ಲೆಲ್ಲ ಸವೆತವುಂಟು. ಆ ಸವೆತವನ್ನು ತನ್ನ ಮೇಲೆ ಹೊತ್ತು, ಬೆಲೆಬಾಳುವ ಭಾಗವನ್ನು ಉಳಿಸಿಕೊಡುವ ಅಂಗವೇ ಬೇರಿಂಗು. ಇದರ ಮಹತ್ವವನ್ನು ತಿಳಿಯಲು ಇಪ್ಪತ್ತನೆಯ ಶತಮಾನದ ಆರಂಭಕಾಲದ ಭವ್ಯ ಕಾರುಗಳು ಉತ್ತಮ ನಿದರ್ಶನಗಳಾಗಿವೆ.

1907ರಲ್ಲಿ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆಯು ‘ಸಿಲ್ವರ್ ಘೋಸ್ಟ್’ ಎಂಬ ಕಾರನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ ಸುಮಾರು 15,000 ಮೈಲಿ ಓಡಿಸಿತು. ಬಳಿಕ ಬಿಚ್ಚಿ ಪರೀಕ್ಷಿಸಿದಾಗ ಎಂಜಿನ್ನಿನಲ್ಲಿ ಅಳತೆಗೆ ಸಿಕ್ಕುವಂತಹ ಸವೆತವು ಕಾಣಲಿಲ್ಲ. ಆರು ಸಿಲಿಂಡರಿನ ಆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟನ್ನು ಏಳು ಮುಖ್ಯ ಬೇರಿಂಗುಗಳು ಹೊತ್ತಿದ್ದವು. ಅವುಗಳಿಗೆ ಪಂಪಿನ ಒತ್ತಡದಿಂದ ಎಣ್ಣೆಯು ಹರಿಯುತ್ತಿತ್ತು.

ಅಂದಿನ ಬೇರಿಂಗುಗಳ ಒಳಪದರವು ಸಾಮಾನ್ಯವಾಗಿ ಬಿಳಿಲೋಹದ್ದು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಬಳಕೆಗೆ ತಂದ ಈ ಮಿಶ್ರಲೋಹದಲ್ಲಿ ತವರವೇ ಅಧಿಕ. ಆಂಟಿಮನಿ ಮತ್ತು ತಾಮ್ರಗಳು ಅಲ್ಪ. ಇದರ ಮೃದುತ್ವವೇ ಇದರ ಗುಣ. ಎಣ್ಣೆಯಲ್ಲಿ ಬಂದ ಸಣ್ಣ ಕಣವನ್ನು ಇದು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟಿಗೆ ಗೀರು ಬೀಳದಂತೆ ಕಾಯುತ್ತದೆ. ಆದರೆ ನಿಜವಾಗಿ ಭಾರವನ್ನು ಹೊರುವುದು ಲೋಹವಲ್ಲ, ಎಣ್ಣೆಯ ತೆಳುಪದರ. 1883ರ ಸುಮಾರಿಗೆ ಬೋಚಾಂಪ್ ಟವರ್ ಎಂಬಾತನು ರೈಲು ಅಚ್ಚಿನ ಬೇರಿಂಗಿನ ಎಣ್ಣೆರಂಧ್ರಕ್ಕೆ ಬಿರಡೆ ಹಾಕಿದಾಗ, ಒಳಗಿನ ಒತ್ತಡವು ಆ ಬಿರಡೆಯನ್ನೇ ಹೊರಕ್ಕೆ ತಳ್ಳಿತು. ಇದರ ಗಣಿತವನ್ನು 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ವಿವರಿಸಿದನು. ಎಣ್ಣೆಯ ಪದರ ಹರಿದರೆ ಲೋಹಕ್ಕೆ ಲೋಹ ತಾಗಿ ಶಾಖವೇರುತ್ತದೆ. ಸುಮಾರು 240 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಳಿಲೋಹವು ಕರಗತೊಡಗುತ್ತದೆ.

ಹಾಗಾದರೆ ದೋಷವನ್ನು ಗುರುತಿಸುವುದೆಂತು? ಮೊದಲ ಸಾಕ್ಷಿ ಸದ್ದು. ಏರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗ ಆಳದಿಂದ ‘ದಬ್ ದಬ್’ ಎಂಬ ಮಂದ ಬಡಿತ ಕೇಳಿದರೆ ಮುಖ್ಯ ಬೇರಿಂಗನ್ನು ಸಂಶಯಿಸಬೇಕು. ಅದಕ್ಕಿಂತ ಹಗುರವೂ ಚುರುಕೂ ಆದ ಬಡಿತವು ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನದಾಗಿರಬಹುದು. ಒಂದೊಂದೇ ಸಿಲಿಂಡರಿನ ಕಿಡಿಯನ್ನು ನಿಲ್ಲಿಸಿ ನೋಡಿದಾಗ, ಯಾವುದನ್ನು ನಿಲ್ಲಿಸಿದರೆ ಬಡಿತವು ತಗ್ಗುವುದೋ ಅಲ್ಲಿಯೇ ದೋಷವಿರುವ ಸಂಭವ ಹೆಚ್ಚು. ಎರಡನೆಯ ಸಾಕ್ಷಿ ಎಣ್ಣೆಯ ಒತ್ತಡ. ಎಂಜಿನ್ನು ಬಿಸಿಯಾದ ಮೇಲೆ ಮುಳ್ಳು ಬಹಳ ಇಳಿದರೆ ಬೇರಿಂಗಿನ ಎಡೆ ಹಿಗ್ಗಿರಬಹುದು. ಆದರೆ ಮಾಪಕವೇ ಕೆಟ್ಟಿರುವುದೂ ಉಂಟು. ಆದುದರಿಂದ ಬೇರೊಂದು ಮಾಪಕದಿಂದ ಅಳೆದೇ ತೀರ್ಮಾನಿಸಬೇಕು. ಮೂರನೆಯದು, ಹೊರತೆಗೆದ ಎಣ್ಣೆಯಲ್ಲಿ ಮಿನುಗುವ ಬೆಳ್ಳಿಬಣ್ಣದ ಚೂರುಗಳು.

ಬಡಿತ ಕೇಳಿದೊಡನೆ ಎಂಜಿನ್ನನ್ನು ನಿಲ್ಲಿಸುವುದೇ ವಿವೇಕ. ಬಿಳಿಲೋಹವನ್ನು ಮರಳಿ ಎರಕ ಹೊಯ್ಯಬಹುದು. ಆದರೆ ಕೆಟ್ಟ ಕ್ರ್ಯಾಂಕ್ ಶಾಫ್ಟಿಗೆ ಪ್ರತಿಯಾಗಿ ಅಂತಹದೇ ಮತ್ತೊಂದು ಅಂಗಡಿಯಲ್ಲಿ ದೊರೆಯುವಂತಿಲ್ಲ. ಸದ್ದಡಗಿಸಲು ಬೇರಿಂಗಿನ ಮುಚ್ಚಳವನ್ನು ಅರದಿಂದ ಉಜ್ಜುವ ಕ್ರಮವೂ ಅಪಾಯಕರ. ರಂಧ್ರದ ದುಂಡುತನ ಕೆಟ್ಟು ಎಣ್ಣೆಯ ಪದರ ನಿಲ್ಲದಾಗುತ್ತದೆ. ಸರಿಯಾದ ಮಾರ್ಗವೆಂದರೆ ಶಾಫ್ಟನ್ನು ಮೈಕ್ರೊಮೀಟರಿನಿಂದ ಅಳೆದು, ಹೊಸ ಎರಕವನ್ನು ಅದಕ್ಕೆ ಹೊಂದುವಂತೆ ಕೊರೆದು, ತಯಾರಕರು ಹೇಳಿದಷ್ಟೇ ಎಡೆಯನ್ನು ಬಿಡುವುದು. ಶಾಫ್ಟಿನ ಒಂದು ಅಂಗುಲ ವ್ಯಾಸಕ್ಕೆ ಅಂಗುಲದ ಸಾವಿರದಲ್ಲೊಂದು ಭಾಗ ಎಂಬುದು ಸ್ಥೂಲವಾದ ಲೆಕ್ಕ.

ಇಷ್ಟಕ್ಕೇ ಕೆಲಸವು ಮುಗಿಯದು. ಬೇರಿಂಗು ಕೆಟ್ಟುದೇಕೆ ಎಂಬುದನ್ನು ಅರಸಬೇಕು. ಪೊಳ್ಳು ಕ್ರ್ಯಾಂಕ್ ಶಾಫ್ಟಿನೊಳಗೆ ವರ್ಷಗಟ್ಟಲೆ ಕೂಡಿದ ಕೆಸರು ಎಣ್ಣೆಯ ದಾರಿಯನ್ನು ಮುಚ್ಚಿರಬಹುದು, ಪಂಪು ಸವೆದಿರಬಹುದು. ಬಹುಕಾಲ ನಿಂತಿದ್ದ ಕಾರಿನ ಬೇರಿಂಗಿನಿಂದ ಎಣ್ಣೆ ಇಳಿದುಹೋಗಿ, ಒಮ್ಮೆಗೇ ಚಾಲೂ ಮಾಡಿದಾಗ ಒಣ ಲೋಹವೇ ಉಜ್ಜಿರಬಹುದು. ಅಂತಹ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಒತ್ತಡದ ಮುಳ್ಳು ಏಳುವವರೆಗೆ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದ ಬಳಿಕವೇ ಚಾಲೂ ಮಾಡುವುದು ಒಳಿತು. ಮೂಲಕಾರಣವನ್ನು ಉಳಿಸಿ ಹೊಸ ಬೇರಿಂಗನ್ನು ಕೂಡಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೃದುಲೋಹವು ತಾನು ಸವೆದು ಒಡೆಯನನ್ನು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕಾಲದಲ್ಲಿ ಆಲಿಸುವವನ ಕೈಯಲ್ಲಿ ನೂರು ವರ್ಷದ ಎಂಜಿನ್ನೂ ಸದ್ದಿಲ್ಲದೆ ತಿರುಗಬಲ್ಲದು.