ತುಕ್ಕಿನೊಡನೆ ಗುದ್ದಾಟ: ಹಳೆಯ ಚೈನ್ ಗಾಡಿಗಳಿಗೆ ಮರುಜೀವ

ಮಕ್ಕಳೇ, ಯುರೋಪಿನ ಉತ್ತರ ಭಾಗದಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿನ ಕುರ್ತ್ನಾ ಎಂಬಲ್ಲಿ ಕಾಡಿನ ನಡುವೆ ಹಲವು ಕೆರೆಗಳಿವೆ. 2000ನೇ ಇಸವಿ ಸೆಪ್ಟೆಂಬರ್ 14ರಂದು ಅಂಥ ಒಂದು ಕೆರೆಯಿಂದ ದೊಡ್ಡ ಬುಲ್ಡೋಜರೊಂದು ಏನನ್ನೋ ಎಳೆಯುತ್ತಿತ್ತು. ಕೆಸರನ್ನು ಸೀಳಿಕೊಂಡು ಮೇಲೆ ಬಂದದ್ದು ಟಿ-34 ಎಂಬ ಯುದ್ಧ ಟ್ಯಾಂಕು! ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅದು ಆ ಕೆರೆಯಲ್ಲಿ ಮುಳುಗಿತ್ತು. 56 ವರ್ಷ ನೀರಿನಲ್ಲಿದ್ದರೂ ಅದರ ಮೈಮೇಲಿನ ಬಣ್ಣ ಮತ್ತು ಗುರುತುಗಳು ಇನ್ನೂ ಕಾಣುತ್ತಿದ್ದವು. ಮಳೆಯಲ್ಲಿ ನೆನೆದ ನಮ್ಮ ಸೈಕಲ್ಲಿನ ಚೈನು ಒಂದೇ ವಾರದಲ್ಲಿ ಕೆಂಪಾಗುತ್ತದೆ. ಹಾಗಿರುವಾಗ ಈ ಟ್ಯಾಂಕು ಉಳಿದದ್ದು ಹೇಗೆ?

ಈ ಟ್ಯಾಂಕನ್ನು ಹುಡುಕಿ ತೆಗೆಸಿದವರು ಸೈನಿಕರಲ್ಲ. ಹಳೆಯ ಯುದ್ಧಕಾಲದ ವಸ್ತುಗಳನ್ನು ಹುಡುಕುವ ಹವ್ಯಾಸವುಳ್ಳ ಸ್ಥಳೀಯರ ಒಂದು ಸಂಘದವರು. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರನ್ನು ನೀವು ಕಂಡಿದ್ದೀರಿ. ಹಾಗೆಯೇ ಬ್ರಿಟನ್, ಅಮೆರಿಕ ಮುಂತಾದ ದೇಶಗಳಲ್ಲಿ ಹಳೆಯ ಸೇನಾ ವಾಹನಗಳನ್ನು ಗುಜರಿಯಿಂದ ತಂದು, ರಿಪೇರಿ ಮಾಡಿ, ಮತ್ತೆ ಓಡಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಕೆಲವರ ಒಲವು ಚೈನ್ ಗಾಡಿಗಳ ಮೇಲೆ. ಈ ಹವ್ಯಾಸದಲ್ಲಿ ನಿಮ್ಮ ವಿಜ್ಞಾನ ಪುಸ್ತಕದ ಎಷ್ಟು ಪಾಠಗಳು ಅಡಗಿವೆ, ನೋಡೋಣ.

ಚೈನು ಏಕೆ ಬೇಕು?

ರಸ್ತೆ ಕೆಲಸದ ಬುಲ್ಡೋಜರನ್ನು ನೀವು ನೋಡಿರಬಹುದು. ನಮ್ಮ ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿರುವ ಬೆಮೆಲ್ ಕಾರ್ಖಾನೆಯಲ್ಲಿ ಅಂಥ ಯಂತ್ರಗಳು ತಯಾರಾಗುತ್ತವೆ. ಅವುಗಳ ಚಕ್ರ ನೆಲಕ್ಕೆ ತಾಗುವುದಿಲ್ಲ. ಚಕ್ರಗಳ ಸುತ್ತ ಉಕ್ಕಿನ ಕೊಂಡಿಗಳ ಪಟ್ಟಿಯೊಂದು ಸುತ್ತುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರ್ಯಾಕ್ ಎನ್ನುತ್ತಾರೆ, ನಮ್ಮ ಜನ ಚೈನ್ ಎನ್ನುತ್ತಾರೆ. ಗಾಡಿ ತನ್ನ ದಾರಿಯನ್ನು ತಾನೇ ಹಾಸಿಕೊಂಡು, ಅದರ ಮೇಲೆ ಉರುಳಿ, ಹಿಂದಿನಿಂದ ಸುತ್ತಿ ಎತ್ತಿಕೊಂಡು ಮುಂದೆ ಹೋಗುತ್ತದೆ.

ಇದರ ಗುಟ್ಟು ಒತ್ತಡದಲ್ಲಿದೆ. ತೂಕವನ್ನು ಅದು ಊರಿರುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ತಿಳಿಯುತ್ತದೆ. ವೀಸಲ್ ಎಂಬ ಗಾಡಿಯ ಲೆಕ್ಕ ಮಾಡೋಣ. ಹಿಮದ ಮೇಲೆ ಓಡುವ ಇಂಥ ಗಾಡಿಯ ಕಲ್ಪನೆ ಬ್ರಿಟನ್ನಿನ ಜೆಫ್ರಿ ಪೈಕ್ ಅವರದು. ಅಮೆರಿಕದ ಸ್ಟುಡಿಬೇಕರ್ ಕಂಪನಿ ಯುದ್ಧದ ವರ್ಷಗಳಲ್ಲಿ ಸುಮಾರು 15,000 ವೀಸಲ್‌ಗಳನ್ನು ತಯಾರಿಸಿತು. ಸಾಮಾನು ತುಂಬಿದ ವೀಸಲ್‌ನ ತೂಕ ಸುಮಾರು 2,700 ಕಿಲೋಗ್ರಾಂ. ಅದರ ಒಂದೊಂದು ಚೈನಿನ ಅಗಲ ಸುಮಾರು 50 ಸೆಂಟಿಮೀಟರ್, ನೆಲಕ್ಕೆ ತಾಗುವ ಉದ್ದ ಸುಮಾರು 200 ಸೆಂಟಿಮೀಟರ್. ಎರಡೂ ಚೈನು ಸೇರಿ ವಿಸ್ತೀರ್ಣ 20,000 ಚದರ ಸೆಂಟಿಮೀಟರ್. ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಬೀಳುವ ಭಾರ 0.135 ಕಿಲೋಗ್ರಾಂ.

ಈಗ 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿಯನ್ನು ತೆಗೆದುಕೊಳ್ಳಿ. ಒಂದು ಪಾದ 150 ಚದರ ಸೆಂಟಿಮೀಟರ್ ನೆಲ ಮುಟ್ಟುತ್ತದೆ ಎಂದುಕೊಳ್ಳೋಣ. ಎರಡೂ ಕಾಲೂರಿ ನಿಂತರೆ ಒಂದು ಚದರ ಸೆಂಟಿಮೀಟರಿಗೆ 0.2 ಕಿಲೋಗ್ರಾಂ, ಒಂಟಿಕಾಲಲ್ಲಿ ನಿಂತರೆ 0.4 ಕಿಲೋಗ್ರಾಂ. ಅಂದರೆ ಮನುಷ್ಯ ಹೂತುಹೋಗುವ ಹಿಮದಲ್ಲೂ ವೀಸಲ್ ಮೇಲೆಯೇ ಓಡುತ್ತದೆ! ಯುದ್ಧ ಮುಗಿದ ಮೇಲೆ ಈ ಗಾಡಿ ವಿಜ್ಞಾನಿಗಳ ಕೈಗೆ ಬಂತು. 1949ರಿಂದ 1952ರವರೆಗೆ ಅಂಟಾರ್ಕ್ಟಿಕದಲ್ಲಿ ಸಂಶೋಧನೆ ನಡೆಸಿದ ನಾರ್ವೆ, ಬ್ರಿಟನ್ ಮತ್ತು ಸ್ವೀಡನ್ ದೇಶಗಳ ಜಂಟಿ ತಂಡ ವೀಸಲ್‌ಗಳನ್ನು ಬಳಸಿತು.

ಮಾಡಿ ನೋಡಿ – 1: ತಟ್ಟೆಯಲ್ಲಿ ಒದ್ದೆ ಮರಳನ್ನು ಹರಡಿ. ಅದರ ಮೇಲೆ ಇಟ್ಟಿಗೆಯನ್ನು ಮೊದಲು ನೆಟ್ಟಗೆ ನಿಲ್ಲಿಸಿ, ಆಮೇಲೆ ಮಲಗಿಸಿ. ಯಾವಾಗ ಹೆಚ್ಚು ಆಳದ ಗುರುತು ಮೂಡಿತು? ಇಟ್ಟಿಗೆಯ ತೂಕ ಬದಲಾಯಿತೆ?

ಮೊದಲ ಶತ್ರು ತುಕ್ಕು

ಹವ್ಯಾಸಿಗಳು ಬಹಳವಾಗಿ ಆರಿಸಿಕೊಳ್ಳುವುದು ವೀಸಲ್ ಮತ್ತು ಯೂನಿವರ್ಸಲ್ ಕ್ಯಾರಿಯರ್‌ನಂಥ ಸಣ್ಣ ಗಾಡಿಗಳನ್ನು. ಸುಮಾರು 4 ಟನ್ ತೂಗುವ ಕ್ಯಾರಿಯರ್‌ಗಳು 1960ರವರೆಗೆ ಒಟ್ಟು 1,13,000ದಷ್ಟು ತಯಾರಾದವು. ಇವುಗಳಲ್ಲಿದ್ದದ್ದು ಫೋರ್ಡ್ ವಿ-8 ಎಂಜಿನ್. ಅದೇ ಬಗೆಯ ಎಂಜಿನ್ ಆ ಕಾಲದ ಕಾರು, ಲಾರಿಗಳಲ್ಲೂ ಇದ್ದುದರಿಂದ ಬಿಡಿಭಾಗಗಳು ಸಿಗುತ್ತವೆ. ಆದರೆ ಗಾಡಿ ಸಿಕ್ಕುವುದು ಹೆಚ್ಚಾಗಿ ಹೊಲದ ಮೂಲೆಯಲ್ಲಿ, ಪೊದೆಯೊಳಗೆ, ತುಕ್ಕು ಹಿಡಿದ ಸ್ಥಿತಿಯಲ್ಲಿ.

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕಾಗ ತುಕ್ಕು ಹುಟ್ಟುತ್ತದೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ತುಕ್ಕು ಬಹುಮಟ್ಟಿಗೆ ನಿಂತುಬಿಡುತ್ತದೆ. ಈಗ ಎಸ್ಟೋನಿಯಾದ ಕೆರೆಯ ಪ್ರಶ್ನೆಗೆ ಉತ್ತರ ಹೊಳೆಯಿತೆ? ಆ ಕೆರೆಯ ತಳದಲ್ಲಿ ಅರ್ಧ ಕೊಳೆತ ಸಸ್ಯಗಳ ದಪ್ಪ ಪದರವಿದೆ. ಇದನ್ನು ಪೀಟ್ ಎನ್ನುತ್ತಾರೆ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಬಿಡುತ್ತವೆ. ಟ್ಯಾಂಕಿನ ಸುತ್ತ ನೀರು ಧಾರಾಳವಾಗಿತ್ತು, ಆದರೆ ಆಮ್ಲಜನಕ ಬಹಳ ಕಡಿಮೆ ಇತ್ತು.

ಮಾಡಿ ನೋಡಿ – 2: ಎರಡು ಶೀಸೆಗಳಲ್ಲಿ ಒಂದೊಂದು ಹೊಸ ಮೊಳೆ ಹಾಕಿ. ಒಂದಕ್ಕೆ ಸಾಮಾನ್ಯ ನೀರು ಹಾಕಿ, ಬಾಯಿ ತೆರೆದಿಡಿ. ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರನ್ನು ತುಂಬಿ, ಮೇಲೆ ಅಡುಗೆ ಎಣ್ಣೆ ಹಾಕಿ. ಕುದಿಸಿದಾಗ ನೀರಿನಲ್ಲಿ ಕರಗಿದ ಗಾಳಿ ಹೊರಟುಹೋಗುತ್ತದೆ, ಎಣ್ಣೆಯ ಪದರ ಹೊಸ ಗಾಳಿಯನ್ನು ತಡೆಯುತ್ತದೆ. ಒಂದು ವಾರ ದಿನವೂ ನೋಡಿ ಬರೆದಿಡಿ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಬೋಲ್ಟು, ನಟ್ಟುಗಳು ಬಿಗಿದು ಕಚ್ಚಿಕೊಳ್ಳುತ್ತವೆ. ಬಲವಾಗಿ ತಿರುಗಿಸಿದರೆ ಬೋಲ್ಟೇ ಮುರಿಯುತ್ತದೆ. ಅದಕ್ಕೆ ಹವ್ಯಾಸಿಗಳು ತೆಳು ಎಣ್ಣೆ ಬಿಟ್ಟು ಕಾಯುತ್ತಾರೆ, ಬಿಡದಿದ್ದರೆ ನಟ್ಟನ್ನು ಕಾಯಿಸುತ್ತಾರೆ. 20 ಮಿಲಿಮೀಟರ್ ತೂತಿನ ಉಕ್ಕಿನ ನಟ್ಟಿನ ಶಾಖ 400 ಡಿಗ್ರಿ ಏರಿದರೆ ತೂತು ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ. ಕೂದಲಿನಷ್ಟು ಆ ಸಂದಿಯೇ ಸಾಕು, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವಾಗ ಕಮ್ಮಾರರು ಅದನ್ನು ಕಾಯಿಸುವುದೂ ಇದೇ ತತ್ತ್ವದಿಂದ.

ಸಣ್ಣ ಭಾಗಗಳ ತುಕ್ಕು ಬಿಡಿಸಲು ವಿದ್ಯುತ್ತನ್ನು ಬಳಸುತ್ತಾರೆ. ಬಕೆಟ್ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿಯ ಋಣ ಧ್ರುವಕ್ಕೂ, ಬೇರೊಂದು ಕಬ್ಬಿಣದ ತಗಡನ್ನು ಧನ ಧ್ರುವಕ್ಕೂ ಜೋಡಿಸುತ್ತಾರೆ. ಭಾಗದ ಮೇಲೆ ಜಲಜನಕದ ಗುಳ್ಳೆಗಳು ಏಳುತ್ತವೆ. ಕೆಂಪು ತುಕ್ಕು ಕಪ್ಪಾಗಿ ಸಡಿಲವಾಗುತ್ತದೆ, ಬ್ರಶ್ಶಿನಿಂದ ಉಜ್ಜಿದರೆ ಹೋಗುತ್ತದೆ. ಒಳಗಿನ ಒಳ್ಳೆಯ ಕಬ್ಬಿಣ ಸವೆಯುವುದಿಲ್ಲ.

ಶಿಕ್ಷಕರಿಗೆ ಸೂಚನೆ: ತುಕ್ಕು ಹಿಡಿದ ಮೊಳೆ ಮತ್ತು 1.5 ವೋಲ್ಟಿನ ನಾಲ್ಕು ಶುಷ್ಕಕೋಶಗಳಿಂದ ಇದನ್ನು ನೀವೇ ತೋರಿಸಬಹುದು. ಬಯಲಿನಲ್ಲಿ ಮಾಡಿ, ಹತ್ತಿರ ಬೆಂಕಿ ಇರಬಾರದು. ಅಡುಗೆ ಉಪ್ಪನ್ನು ಬಳಸಬೇಡಿ, ವಿಷಕಾರಿ ಕ್ಲೋರಿನ್ ಬರಬಹುದು. ಸ್ಟೀಲ್ ಪಾತ್ರೆಯ ತುಂಡನ್ನೂ ಬಳಸಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ದ್ರಾವಣವಾಗುತ್ತದೆ.

ಚೈನು ಏಕೆ ಉದ್ದವಾಗುತ್ತದೆ?

ಹಳೆಯ ಚೈನು ಜೋಲು ಬೀಳುತ್ತದೆ. ಉಕ್ಕು ರಬ್ಬರಿನಂತೆ ಹಿಗ್ಗಿತೆ? ಇಲ್ಲ. ಕೊಂಡಿಗಳನ್ನು ಜೋಡಿಸುವ ಪಿನ್ನುಗಳೂ ಅವುಗಳ ತೂತುಗಳೂ ಘರ್ಷಣೆಯಿಂದ ಸವೆಯುತ್ತವೆ. ಒಂದೊಂದು ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ಸವೆದರೂ ನೂರು ಜೋಡಣೆಗೆ 5 ಸೆಂಟಿಮೀಟರ್ ಆಯಿತು! ಆಗ ಚಕ್ರವನ್ನು ಮುಂದೆ ತಳ್ಳಿ ಬಿಗಿ ಮಾಡುತ್ತಾರೆ. ಸಾಲದಿದ್ದರೆ ಒಂದು ಕೊಂಡಿ ಕಳಚುತ್ತಾರೆ. ಸೈಕಲ್ ಶಾಪಿನಲ್ಲಿ ನಡೆಯುವುದೂ ಇದೇ. ವೀಸಲ್‌ನದು ಬೇರೆ ಕಷ್ಟ. ಅದರ ಚೈನಿನ ಉಕ್ಕಿನ ತಗಡುಗಳನ್ನು ಹಿಡಿದಿರುವುದು ರಬ್ಬರ್ ಪಟ್ಟಿ. ಗಾಳಿ, ಬಿಸಿಲಿಗೆ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಅದನ್ನು ರಿಪೇರಿ ಮಾಡಲಾಗದು, ಹೊಸದನ್ನೇ ಹಾಕಬೇಕು.

ಗಾಡಿ ತಿರುಗುವ ಬಗೆಯೂ ಸ್ವಾರಸ್ಯಕರ. ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಒಂದು ಬದಿಯ ಬ್ರೇಕನ್ನು ಮಾತ್ರ ಒತ್ತುವುದನ್ನು ಗಮನಿಸಿದ್ದೀರಾ? ಚೈನ್ ಗಾಡಿಯಲ್ಲೂ ಒಂದು ಬದಿಯ ಚೈನನ್ನು ತಡೆದರೆ ಗಾಡಿ ಆ ಕಡೆಗೆ ತಿರುಗುತ್ತದೆ. ಕ್ಯಾರಿಯರ್‌ನಲ್ಲಿ ಇನ್ನೊಂದು ಉಪಾಯವಿದೆ. ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿದರೆ ಚಕ್ರಗಳು ಪಕ್ಕಕ್ಕೆ ಸರಿದು ಚೈನೇ ಬಿಲ್ಲಿನಂತೆ ಬಾಗುತ್ತದೆ. ಹೆಚ್ಚು ತಿರುಗಿಸಿದರೆ ಮಾತ್ರ ಬ್ರೇಕು ಹಿಡಿಯುತ್ತದೆ.

ನಿಮಗೆ ಗೊತ್ತೆ? ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಚೈನು ತೊಡಿಸಿದ ಫರ್ಗೂಸನ್ ಟ್ರ್ಯಾಕ್ಟರುಗಳಲ್ಲಿ!

ಎಚ್ಚರ ಬೇಕು

ಹಳೆಯ ಸೇನಾ ವಾಹನದ ಒಳಗೆ ಸಿಡಿಯದ ಗುಂಡು ಉಳಿದಿರಬಹುದು. ಎಷ್ಟು ತುಕ್ಕು ಹಿಡಿದಿದ್ದರೂ ಅದು ಸಿಡಿಯಬಲ್ಲದು. ಆದ್ದರಿಂದ ತಜ್ಞರು ಪರೀಕ್ಷಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಕತ್ತಲಲ್ಲಿ ಕಾಣಲೆಂದು ಕೆಲವು ಮೀಟರುಗಳ ಮುಳ್ಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದಿರುತ್ತಾರೆ. ಹಳೆಯ ಬಣ್ಣಗಳಲ್ಲಿ ಸೀಸವೂ ಇರುತ್ತದೆ, ಅದರ ಧೂಳು ವಿಷ. ಮಕ್ಕಳೇ, ಗುರುತು ಸಿಗದ ಲೋಹದ ವಸ್ತು ಎಲ್ಲಿ ಕಂಡರೂ ಮುಟ್ಟಬೇಡಿ, ಹಿರಿಯರಿಗೆ ತಿಳಿಸಿ.

ಓಡಿಸಬೇಕೆ, ಉಳಿಸಬೇಕೆ?

ಬಣ್ಣ ತೆಗೆಯುವಾಗಲೂ ಅವಸರ ಸಲ್ಲದು. ನುಣುಪು ಕಾಗದದಿಂದ ಮೆಲ್ಲನೆ ಉಜ್ಜಿದರೆ ಒಂದರ ಕೆಳಗೆ ಒಂದು ಬಣ್ಣ ಕಾಣುತ್ತದೆ. ಮರದ ಉಂಗುರಗಳಂತೆ ಇದೂ ಒಂದು ದಾಖಲೆ. ಗಾಡಿ ಯಾವ ಸೇನೆಯಲ್ಲಿತ್ತು, ಮರುಭೂಮಿಗೆ ಹೋಗಿತ್ತೇ ಎಂಬುದು ತಿಳಿಯಬಹುದು. ಕೆರೆಯಿಂದ ಬಂದ ಟಿ-34 ರಷ್ಯನ್ನರು ತಯಾರಿಸಿದ್ದು, ಆದರೆ ಅದರ ಮೇಲೆ ಜರ್ಮನರ ಗುರುತುಗಳಿದ್ದವು. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಕಥೆಯನ್ನು ಬಣ್ಣವೇ ಹೇಳಿತು. ಯಂತ್ರದಿಂದ ಒಮ್ಮೆಲೇ ಉಜ್ಜಿ ಹೊಳಪು ಕೊಟ್ಟರೆ ಈ ದಾಖಲೆ ಶಾಶ್ವತವಾಗಿ ಹೋಯಿತು.

ಓಡಿಸುವುದರಲ್ಲೂ ಇದೇ ಇಕ್ಕಟ್ಟು. ಬ್ರಿಟನ್ನಿನ ಬೋವಿಂಗ್ಟನ್‌ನ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ, 1943ರಲ್ಲಿ ಟ್ಯುನೀಸಿಯಾದಲ್ಲಿ ಸೆರೆಸಿಕ್ಕ ಟೈಗರ್ 131 ಎಂಬ ಜರ್ಮನ್ ಟ್ಯಾಂಕಿದೆ. ಅದರ ದುರಸ್ತಿ 1990ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. ಈಗ ಅದು ಓಡುತ್ತದೆ, ಆದರೆ ವರ್ಷದಲ್ಲಿ ಕೆಲವೇ ದಿನ. ಓಡಿದಷ್ಟೂ ಮೂಲ ಭಾಗಗಳು ಸವೆಯುತ್ತವೆ. ಓಡಿಸದೆ ಇಟ್ಟರೆ ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಬಲ್ಲವರೇ ಇಲ್ಲವಾಗುತ್ತಾರೆ. ಆದ್ದರಿಂದ ಒಳ್ಳೆಯ ಹವ್ಯಾಸಿಗಳು ಬಿಚ್ಚುವ ಮೊದಲು ಫೋಟೋ ತೆಗೆಯುತ್ತಾರೆ, ಪ್ರತಿ ಭಾಗಕ್ಕೂ ಚೀಟಿ ಕಟ್ಟುತ್ತಾರೆ, ಬದಲಿಸಿದ ಹಳೆಯ ಭಾಗವನ್ನು ಎಸೆಯದೆ ಎತ್ತಿಡುತ್ತಾರೆ.

ಈ ಗಾಡಿಗಳು ಯುದ್ಧಕ್ಕಾಗಿ ಹುಟ್ಟಿದವು. ಯುದ್ಧ ಮತ್ತೆ ಬರಲೆಂದು ಯಾರೂ ಅವನ್ನು ಉಳಿಸುವುದಿಲ್ಲ. ಅಂದಿನವರ ಕೈಕೆಲಸವನ್ನೂ ಅಂದಿನವರ ಸಂಕಟವನ್ನೂ ಮರೆಯದಿರಲು ಉಳಿಸುತ್ತಾರೆ. ನಿಮ್ಮೂರಿನಲ್ಲೂ ಹಳೆಯ ಕಬ್ಬಿಣದ ಗಾಣ, ನೀರೆತ್ತುವ ಪಂಪು, ಹೊಲಿಗೆ ಯಂತ್ರ ಮೂಲೆಯಲ್ಲಿ ಬಿದ್ದಿರಬಹುದು. ಗುಜರಿಗೆ ಹಾಕುವ ಮೊದಲು ಅದರ ಚಿತ್ರ ಬರೆಯಿರಿ, ಅದನ್ನು ಬಳಸಿದ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ.

ಯೋಚಿಸಿ, ಉತ್ತರಿಸಿ

1. ಒಂಟೆಯ ಪಾದ ಅಗಲವಾಗಿರುವುದಕ್ಕೂ ಚೈನಿಗೂ ಏನು ಸಂಬಂಧ?
2. ಕೆರೆಯಿಂದ ತೆಗೆದ ಟ್ಯಾಂಕನ್ನು ಒಣಗಿಸದೆ ಹಾಗೆಯೇ ದಡದಲ್ಲಿ ಬಿಟ್ಟರೆ ಏನಾಗುತ್ತದೆ?
3. ನಟ್ಟು, ಬೋಲ್ಟು ಎರಡನ್ನೂ ಒಂದೇ ಸಮನಾಗಿ ಕಾಯಿಸಿದರೆ ನಟ್ಟು ಸಡಿಲವಾಗುತ್ತದೆಯೆ?